ಬುಧವಾರದ ನೀರು

ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಮೊನ್ನೆಯಷ್ಟೇ ಕೆಲಸಕ್ಕೆ ಸೇರಿರುವ ಪಕ್ಕದ ಮನೆಯ ಹುಡುಗಿ ಹರ್ಷಿತಾ ನಮ್ಮ ಮನೆಯಲ್ಲಿ ಕಾಫಿ ಕುಡಿಯುತ್ತಾ ಕೇಳಿದಳು: "ಆಂಟಿ, ನಿಮ್ಮ ಕಾಲದಲ್ಲೂ ಮಲ್ಟಿ ಡಿಸಿಪ್ಲಿನರಿ ಅಂತೆಲ್ಲ ಇತ್ತಾ?"

"ಇತ್ತು ಕಣೇ. ಬೇರೆ ಬೇರೆ ಓದು ಓದಿದೋರನ್ನ ಒಂದೇ ಜೀಪಲ್ಲಿ ತುರುಕಿ, ಇಳಿಯೋ ತನಕ ಜಗಳ ಆಡಿಸೋದು. ಅದಕ್ಕೇ ಆ ಹೆಸರು" ಅಂದೆ.

ಅವಳು ತಮಾಷೆ ಅಂದುಕೊಂಡು ನಕ್ಕಳು. ತಮಾಷೆಯೇನೂ ಅಲ್ಲ. ನಾನು ರಸಾಯನಶಾಸ್ತ್ರದವಳು, ಕೊಳಕು ನೀರು ಪರೀಕ್ಷೆ ಮಾಡಿಯೇ ನಿವೃತ್ತಳಾದವಳು. ಬಡ್ತಿ ಯಾವಾಗ ಸಿಕ್ಕಿತು, ಯಾರು ಹಾರ ಹಾಕಿದರು ಎಂಬುದನ್ನು ಬರೆಯಲು ಕೂತರೆ ನನಗೇ ಆಕಳಿಕೆ ಬರುತ್ತದೆ. ಹೊಸದಾಗಿ ಕೆಲಸಕ್ಕೆ ಬರುವ ಮಕ್ಕಳಿಗೆ ಬೇಕಾದದ್ದು ನಾವು ಎಲ್ಲೆಲ್ಲಿ ಮುಗ್ಗರಿಸಿದೆವು ಎಂಬುದು. ಅದು ನನ್ನ ಹತ್ತಿರ ಧಾರಾಳವಾಗಿದೆ.

ಎಂಬತ್ತರ ದಶಕ. ಆಗ ನಮ್ಮ ಸಂಸ್ಥೆ ರಾಜಾಜಿನಗರದಲ್ಲಿ ಒಂದು ಬಾಡಿಗೆ ಮನೆಯಲ್ಲಿತ್ತು. ಮಾಲೀಕರು ಮೇಲಿನ ಮನೆಯಲ್ಲಿ, ನಾವು ಕೆಳಗೆ. ಅಡುಗೆಮನೆ ನನ್ನ ಪ್ರಯೋಗಾಲಯ. ದೇವರ ಮನೆಗೆ ಕಿಟಕಿ ಇರಲಿಲ್ಲವಾದ್ದರಿಂದ ಗಾಳಿ ತಾಗಬಾರದ ಸೂಕ್ಷ್ಮ ತಕ್ಕಡಿಯನ್ನು ಅಲ್ಲಿಟ್ಟಿದ್ದೆವು. ಬಂದವರೆಲ್ಲ ಅಭ್ಯಾಸಬಲದಿಂದ ಅದರ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದರು. ಒಮ್ಮೆ ಲೆಕ್ಕ ತಪಾಸಣೆಗೆ ಬಂದ ಹಿರಿಯರೊಬ್ಬರು ತಕ್ಕಡಿಗೆ ಕೈಮುಗಿದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಬಚ್ಚಲುಮನೆ ಬೋರೇಗೌಡರದು. ಪ್ರಾಣಿಶಾಸ್ತ್ರ ಓದಿದವರು, ಆರಡಿ ಆಳು, ಮಂಡ್ಯದ ಕಡೆಯವರು. ಹಳ್ಳಕೊಳ್ಳದ ಕಲ್ಲು ಎತ್ತಿ ಅಡಿಯಲ್ಲಿರುವ ಹುಳು ಹಿಡಿದು ತರುವುದು ಅವರ ಕೆಲಸ. ಆ ಹುಳುಗಳನ್ನು ಬಕೆಟ್ಟುಗಳಲ್ಲಿ ಬಿಟ್ಟು, ಹಾಲುಗಲ್ಲದ ಮಕ್ಕಳನ್ನು ಮಾತಾಡಿಸುವಂತೆ ಮಾತಾಡಿಸುತ್ತಿದ್ದರು. ವರಾಂಡ ಷಡಕ್ಷರಿಯದು. ತುಮಕೂರಿನ ಹುಡುಗ, ಸಮಾಜಶಾಸ್ತ್ರ. ಮನೆಮನೆಗೆ ಹೋಗಿ ಪ್ರಶ್ನೆ ಕೇಳಿ ಬರುತ್ತಿದ್ದ. ಇವರೆಲ್ಲರ ಮೇಲೆ ಅನಂತರಾಮಯ್ಯನವರು, ಸಿವಿಲ್ ಎಂಜಿನಿಯರು, ನಮ್ಮ ಮುಖ್ಯಸ್ಥರು. ಅವರಿಗೆ ಮೂಗಿನ ತುದಿಯಲ್ಲೇ ಕೋಪ. ನನಗೂ ಹಾಗೇ. ಹಾಗಾಗಿ ನಮ್ಮಿಬ್ಬರಿಗೆ ಒಂದು ರೀತಿ ಚೆನ್ನಾಗಿಯೇ ಹೊಂದುತ್ತಿತ್ತು.

ಮೇಲಿನ ಮನೆಯ ಆಂಟಿ ದಿನಾ ಮೆಟ್ಟಿಲ ಮೇಲೆ ನಿಂತು ಮೂಗು ಮುಚ್ಚಿಕೊಂಡು ಕೇಳುತ್ತಿದ್ದರು: "ಇವತ್ತಿನ ವಾಸನೆ ಯಾರ್ದು? ಸುಶೀಲಂದಾ, ಬೋರೇಗೌಡ್ರದಾ?"

"ಮೊಟ್ಟೆ ಕೊಳೆತ ವಾಸನೆ ಆದ್ರೆ ನಂದು ಆಂಟಿ. ಕೆಸರಿನ ವಾಸನೆ ಆದ್ರೆ ಅವರದು" ಎಂದು ನಾನು ಉತ್ತರ ಕೊಡುತ್ತಿದ್ದೆ. ಪಾಪ, ಅವರೆಂದೂ ಮನೆ ಖಾಲಿ ಮಾಡಿ ಅನ್ನಲಿಲ್ಲ. ಹಬ್ಬಕ್ಕೆ ಒಬ್ಬಟ್ಟು ಬೇರೆ ಕಳಿಸುತ್ತಿದ್ದರು.

ಆ ಆಂಟಿಯ ದೆಸೆಯಿಂದ ನಮ್ಮ ಮೊದಲ ದೊಡ್ಡ ಎಡವಟ್ಟು ನಡೆಯಿತು. ಬಡಾವಣೆಯ ಗಾಳಿಯಲ್ಲಿ ಎಷ್ಟು ದೂಳಿದೆ ಎಂದು ತಿಳಿಯಬೇಕಿತ್ತು. ಈಗಿನ ಹಾಗೆ ತಂತಾನೇ ಅಂಕಿ ಉಗುಳುವ ಯಂತ್ರ ನಮಗೆಲ್ಲಿಂದ ಬರಬೇಕು? ಗಾಜಿನ ಚೂರಿಗೆ ಅಂಟು ಸವರಿ ತಾರಸಿಯ ಮೇಲೆ ಇಡುವುದು, ಕೂತದ್ದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಇದ್ದಿದ್ದು ಅಷ್ಟೇ. ಬೇಸಿಗೆಯಲ್ಲಿ ಇಟ್ಟೆವು. ನೋಡಿದರೆ ಬಿಳಿ ಕಣಗಳೋ ಬಿಳಿ ಕಣಗಳು! ಅನಂತರಾಮಯ್ಯನವರು ಕುರ್ಚಿಯಿಂದ ಎದ್ದೇ ನಿಂತರು. "ಸಿಮೆಂಟು! ಯಾರೋ ಎಲ್ಲೋ ಸಿಮೆಂಟು ಹಾರಿಸ್ತಾ ಇದಾರೆ. ಬರೀರಿ ಟಿಪ್ಪಣಿ" ಅಂದರು. ಟಿಪ್ಪಣಿ ಟೈಪೂ ಆಯಿತು. ನನಗೇಕೋ ಅನುಮಾನ. ಗಾಜಿನ ಮೇಲೆ ಒಂದು ತೊಟ್ಟು ಅಯೋಡಿನ್ ಬಿಟ್ಟೆ. ಕಡುನೀಲಿಗೆ ತಿರುಗಿತು. ಹಿಟ್ಟಿಗೆ ಮಾತ್ರ ಹಾಗೆ ಆಗುವುದು. ತಾರಸಿಗೆ ಓಡಿ ನೋಡಿದರೆ, ಆಂಟಿ ನಮ್ಮ ಗಾಜುಗಳ ಪಕ್ಕದಲ್ಲೇ ಪಂಚೆ ಹಾಸಿ, ಅಕ್ಕಿಹಿಟ್ಟು ಉದುರಿಸಿಕೊಂಡು ಹಪ್ಪಳ ಲಟ್ಟಿಸುತ್ತಿದ್ದಾರೆ. "ಬಾಮ್ಮ, ಒಂದು ಹಸಿ ಹಪ್ಪಳ ತಿನ್ನು" ಎಂದು ಕರೆದರು. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಗಿತ್ತು ನಮ್ಮ ಕಥೆ. ಟಿಪ್ಪಣಿ ಹರಿದು ಹಾಕಿದೆವು, ಹಪ್ಪಳ ತಿಂದೆವು.

ಅನಂತರಾಮಯ್ಯನವರಿಗೆ ಒಂದು ನಿಯಮವಿತ್ತು. ಯಾರ ಅಧ್ಯಾಯ ಅವರವರದು. "ಸುಶೀಲಾ, ನೀವು ರಸಾಯನ ಬರೀರಿ. ಹುಳದ ವಿಷಯ ನಿಮಗ್ಯಾಕ್ರೀ? ಷಡಕ್ಷರಿ, ನೀನು ಜನರ ವಿಷಯ ನೋಡ್ಕೊಳಪ್ಪ." ಎಲ್ಲರೂ ಬರೆದ ಮೇಲೆ ಅವುಗಳನ್ನು ಒಂದರ ಮೇಲೊಂದು ಪೇರಿಸಿ ದಬ್ಬಳ ದಾರದಲ್ಲಿ ಹೊಲಿದರೆ ಮುಗಿಯಿತು. ನಮ್ಮ ವರದಿಗಳಲ್ಲಿ ಎಲ್ಲ ಶಾಸ್ತ್ರಗಳೂ ಕೂಡುತ್ತಿದ್ದದ್ದು ಆ ದಾರದಲ್ಲಿ ಮಾತ್ರ. ನಮಗೂ ಅದೇ ಸುಖ ಅನ್ನಿಸಿತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದವರು ಬರೆದದ್ದನ್ನು ಓದುವ ತಾಪತ್ರಯವೇ ಇರಲಿಲ್ಲ.

ಹೀಗಿರುವಾಗ ಒಂದು ಅರ್ಜಿ ಬಂತು. ನಾಯಂಡಹಳ್ಳಿ ದಾಟಿ ಕೆಂಗೇರಿ ಕಡೆಗೆ ಹೋಗುವಾಗ ಮೈಸೂರು ರಸ್ತೆಯಿಂದ ಒಳಗೆ ಒಂದು ಸಣ್ಣ ಊರು. ಈಗ ಅಲ್ಲಿ ಬಡಾವಣೆ ಎದ್ದು ಗುರುತೇ ಸಿಗುವುದಿಲ್ಲ. ಊರ ಬಾವಿ ಬತ್ತಿತ್ತು. ಜನ ಹಳ್ಳದ ದಂಡೆಯ ಮರಳಿನಲ್ಲಿ ಗುಂಡಿ ತೋಡಿ, ಅದರಲ್ಲಿ ಜಿನುಗುವ ಒರತೆ ನೀರನ್ನು ಕುಡಿಯುತ್ತಿದ್ದರು. ದಿನಾ ಬೆಳಗ್ಗೆ ಹಳೆ ನೀರು ಎತ್ತಿ ಚೆಲ್ಲಿ, ಹೊಸದಾಗಿ ಊರಿದ್ದನ್ನು ಬಿಂದಿಗೆಗೆ ತುಂಬಿಕೊಳ್ಳುವ ಪದ್ಧತಿ. ಮೇಲ್ಗಡೆ ಬಟ್ಟೆಗೆ ಬಣ್ಣ ಹಾಕುವ ಒಂದು ಕಾರ್ಖಾನೆ ಬಂದ ಮೇಲೆ ಹಳ್ಳವೂ ಒರತೆಯೂ ಕೆಟ್ಟಿವೆ, ನಮಗೊಂದು ಬೋರಿಂಗ್ ಹಾಕಿಸಿಕೊಡಿ ಎಂಬುದು ಅರ್ಜಿ. ನೀರು ಕೆಟ್ಟಿದೆ ಎಂದು ನಾವು ಬರೆದರೆ ಬೋರಿಂಗು ಬರುತ್ತದೆ. ಚೆನ್ನಾಗಿದೆ ಎಂದು ಬರೆದರೆ ಅರ್ಜಿ ಕಸದ ಬುಟ್ಟಿಗೆ.

ಮೊದಲ ಸಲ ಹೋದಾಗಲೇ ಪುಟ್ಟಮ್ಮ ಸಿಕ್ಕರು. ಆ ಊರಿನ ಹೆಂಗಸು, ನಲವತ್ತೈದರ ಆಸುಪಾಸು. ಅರ್ಜಿಯ ಮೇಲಿನ ಮೊದಲ ಹೆಬ್ಬೆಟ್ಟು ಆಕೆಯದೇ. ಸೊಂಟದ ಮೇಲೆ ಕೈಯಿಟ್ಟು ಹೇಳಿದರು: "ನನ್ ಮಗ್ಳು ಜಯ ಬಸ್ರಿ ಕಣವ್ವ. ಚೊಚ್ಚಲು. ಮಾಗಡಿ ಕಡೀಕೆ ಕೊಟ್ಟಿವ್ನಿ. ಬಾಣಂತನಕ್ಕೆ ಕರಿಯಾಕೆ ಹೋದ್ರೆ ನಮ್ ಬೀಗಿತ್ತಿ, 'ಆ ನೀರಿಗೆ ನಾನು ಸೊಸೇನ ಕಳ್ಸಾಕಿಲ್ಲ' ಅಂದ್ಬುಟ್ಳು. ಚೊಚ್ಚಲ ಬಾಣಂತನ ತವರಲ್ಲಿ ಆಗ್ದೆ ಇನ್ನೆಲ್ ಆಗ್ಬೇಕವ್ವ? ನಾನ್ಯಾತರ ತಾಯಿ?"

ನನ್ನ ಮೊದಲ ಬಾಣಂತನಕ್ಕೆ ನಮ್ಮಮ್ಮ ಎಣ್ಣೆ ಕಾಯಿಸಿ, ಖಾರದ ಪುಡಿ ಕುಟ್ಟಿ, ತಿಂಗಳುಗಟ್ಟಲೆ ಮೊದಲೇ ಸಿದ್ಧವಾಗಿ ಕೂತಿದ್ದನ್ನು ನೋಡಿದವಳು ನಾನು. "ನೋಡ್ತೀವಿ ಪುಟ್ಟಮ್ಮ, ಸರಿಯಾಗಿ ನೋಡಿ ಬರೀತೀವಿ" ಅಂದೆ.

ಸರಿಯಾಗಿಯೇ ನೋಡಿದೆವು. ವಾರಾ ವಾರಾ ಜೀಪು ಹತ್ತಿ ಹೋಗಿ ಹಳ್ಳದ್ದೊಂದು, ಒರತೆಯದೊಂದು ಸೀಸೆ ನೀರು ತುಂಬಿ ತಂದೆ. ನೀರಿನಲ್ಲಿ ಕರಗಿದ ಆಮ್ಲಜನಕ ನೋಡಿದೆ, ಕ್ಷಾರ ನೋಡಿದೆ, ಬಣ್ಣ ನೋಡಿದೆ. ಪ್ರತಿ ಸಲವೂ ಅದೇ ಫಲಿತಾಂಶ. ಶುದ್ಧ ಗಂಗೆ ಅನ್ನುವ ಹಾಗಿರಲಿಲ್ಲ, ಆದರೆ ಬೋರಿಂಗು ಬೇಕೇಬೇಕು ಎಂದು ಬರೆಯುವಷ್ಟು ಕೆಟ್ಟೂ ಇರಲಿಲ್ಲ. ಪುಟ್ಟಮ್ಮನ ಮುಖ ನೆನಪಾಗಿ ಮತ್ತೆ ಮತ್ತೆ ಪರೀಕ್ಷೆ ಮಾಡಿದೆ. ಅಂಕಿ ಜಗ್ಗಲಿಲ್ಲ.

ಬೋರೇಗೌಡರು ಒಪ್ಪಲಿಲ್ಲ. "ಏನ್ ಮೇಡಂ ನೀವು! ಒಳ್ಳೆ ನೀರಲ್ಲಿ ಇರ್ಬೇಕಾದ ಒಂದ್ ಹುಳಾನೂ ಆ ಹಳ್ಳದಲ್ಲಿಲ್ಲ. ಬರೀ ಕೆಂಪು ಎಳೆಹುಳ. ಅದು ಬದುಕೋದು ಕೊಚ್ಚೇಲಿ."

"ನಿಮ್ಮ ಹುಳಕ್ಕೆ ಏನ್ ಗೊತ್ರೀ? ನನ್ನ ಸೀಸೆ ಸುಳ್ಳು ಹೇಳುತ್ತಾ?"

"ನಿಮ್ಮ ಸೀಸೆ ಅಲ್ಲಿಗೆ ಹೋಗೋದು ವಾರಕ್ಕೊಂದ್ಸಲ. ನನ್ನ ಹುಳ ಅಲ್ಲೇ ಸಂಸಾರ ಮಾಡ್ತಾ ಇದೆ, ರಜಾ ಹಾಕಲ್ಲ!"

ಜೀಪಿನಲ್ಲಿ ಕೂಗಾಟ. ನಾನು ಎರಡು ವಾರ ಅವರ ಜೊತೆ ಮಾತು ಬಿಟ್ಟೆ. ಅನಂತರಾಮಯ್ಯನವರು ಎಂದಿನಂತೆ, "ನಿಮ್ಮ ಅಧ್ಯಾಯದಲ್ಲಿ ಚೆನ್ನಾಗಿದೆ ಅಂತ ಬರೀರಿ. ಅವರ ಅಧ್ಯಾಯದಲ್ಲಿ ಕೆಟ್ಟಿದೆ ಅಂತ ಬರೀಲಿ. ಹೊಲಿದುಬಿಡೋಣ" ಅಂದರು. ಹೊಲಿದುಬಿಟ್ಟರೆ ಮೇಲಿನ ಕಚೇರಿಯವರು ಮೊದಲ ಅಧ್ಯಾಯವೊಂದನ್ನೇ ಓದುತ್ತಾರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮೊದಲ ಅಧ್ಯಾಯ ನನ್ನದು.

ಅಷ್ಟರಲ್ಲಿ ಪುಟ್ಟಮ್ಮ ನಮ್ಮೊಂದಿಗೆ ಮಾತು ನಿಲ್ಲಿಸಿಬಿಟ್ಟರು. ಜೀಪು ಕಂಡರೆ ಮುಖ ತಿರುಗಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ನನಗೆ ಅರ್ಥವಾಗಲಿಲ್ಲ. ಏನಪ್ಪಾ ತಪ್ಪು ಮಾಡಿದೆ ಎಂದು ಬೇಜಾರಾಯಿತು.

ಒಂದು ದಿನ ಮಧ್ಯಾಹ್ನ ವರಾಂಡದಲ್ಲಿ ಎಲ್ಲರೂ ಊಟದ ಡಬ್ಬಿ ಬಿಚ್ಚಿ ಕೂತಿದ್ದೆವು. ಷಡಕ್ಷರಿ ಆ ಊರಿನ ಸಮೀಕ್ಷೆ ಮುಗಿಸಿದ್ದ. ಖುಷಿಯೋ ಖುಷಿ. "ಮೇಡಂ, ಒಂದು ಹೊಸ ಆಚರಣೆ ಕಂಡುಹಿಡಿದಿದೀನಿ. ಎಲ್ಲೂ ಇಲ್ಲ, ಈ ಊರಲ್ಲಿ ಮಾತ್ರ. ಇಡೀ ಊರಿಗೆ ಊರೇ ಬುಧವಾರ ಬಟ್ಟೆ ಒಗೆಯುತ್ತೆ! ನಾನು ಕೇಳಿದ ಎಲ್ಲಾ ಮನೇಲೂ ಬುಧವಾರ ಅಂತಾನೇ ಉತ್ತರ. ಇದಕ್ಕೆ ಯಾವುದೋ ಗ್ರಾಮದೇವತೆ ಸಂಬಂಧ ಇರ್ಬೇಕು. ನಾಲ್ಕು ಪುಟ ಬರೆದಿದೀನಿ."

"ಯಾಕೆ ಒಗೀತೀರಿ ಅಂತ ಕೇಳಿದ್ಯಾ?"

"ನನ್ನ ಪ್ರಶ್ನಾವಳೀಲಿ ಯಾವ ವಾರ ಅಂತ ಮಾತ್ರ ಇತ್ತು ಮೇಡಂ. ಯಾಕೆ ಅನ್ನೋ ಪ್ರಶ್ನೆ ಇರ್ಲಿಲ್ಲ."

"ಎತ್ತು ಈಯಿತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ್ರಂತೆ! ಊರಿನವರು ಬುಧವಾರ ಅಂದ್ರೆ ನೀನು ದೇವರನ್ನೇ ಹುಟ್ಟಿಸ್ಬಿಟ್ಯಲ್ಲೋ" ಎಂದು ಬೋರೇಗೌಡರು ಮುದ್ದೆ ಮುರಿಯುತ್ತಾ ನಕ್ಕರು. ನಾನೂ ನಗಲು ಬಾಯಿ ತೆರೆದೆ. ತೆರೆದ ಬಾಯಿ ಹಾಗೇ ನಿಂತಿತು.

ಜೀಪು ನಮ್ಮೊಬ್ಬರದಾಗಿರಲಿಲ್ಲ. ಅದನ್ನು ಬೇರೆ ಬೇರೆ ವಿಭಾಗಗಳಿಗೆ ವಾರಕ್ಕೊಂದು ದಿನದಂತೆ ಹಂಚಿದ್ದರು. ನಮ್ಮ ಪಾಲಿಗೆ ಬಂದಿದ್ದ ದಿನ ಬುಧವಾರ.

"ಬೋರೇಗೌಡ್ರೇ," ಅಂದೆ. ಮಾತು ಬಿಟ್ಟಿದ್ದೂ ಮರೆತುಹೋಗಿತ್ತು. "ಕರೆಂಟು ಸಾಲದು ಅಂತ ಕಾರ್ಖಾನೆಗಳಿಗೆ ಒಂದೊಂದು ಕಡೆ ಒಂದೊಂದು ದಿನ ವಾರದ ರಜ ಮಾಡಿದಾರಲ್ಲ, ಆ ಬಣ್ಣದ ಕಾರ್ಖಾನೆಗೆ ಯಾವತ್ತು ರಜ?"

ಯಾರಿಗೂ ಗೊತ್ತಿರಲಿಲ್ಲ. ಉತ್ತರ ಮಾತ್ರ ಎಲ್ಲರ ಮುಖದಲ್ಲೂ ಇತ್ತು. ಊಟ ಅರ್ಧಕ್ಕೇ ಬಿಟ್ಟು ಮೂವರೂ ಸಿಟಿ ಬಸ್ಸು ಹತ್ತಿದೆವು. ಅಂದು ಶುಕ್ರವಾರ. ಹಳ್ಳದ ಹತ್ತಿರ ಹೋಗುವುದಕ್ಕೂ ಮೊದಲೇ ವಾಸನೆ ಬಂತು. ನೀರು ನೇರಳೆ ಬಣ್ಣಕ್ಕೆ ತಿರುಗಿ, ಮೇಲೆ ನೊರೆ ಕಟ್ಟಿಕೊಂಡು ಹರಿಯುತ್ತಿತ್ತು. ಷಡಕ್ಷರಿ "ಅಯ್ಯೋ ದೇವರೇ" ಅಂದ. ಅವನ ಗ್ರಾಮದೇವತೆ ಅಲ್ಲೇ ಕೊಚ್ಚಿಕೊಂಡು ಹೋಯಿತು.

ಪುಟ್ಟಮ್ಮ ಬಾಗಿಲಲ್ಲಿ ನಿಂತು ನಮ್ಮನ್ನೇ ನೋಡುತ್ತಿದ್ದರು. ಬುಧವಾರವಲ್ಲದ ದಿನ, ಜೀಪಿಲ್ಲದೆ, ಬೆವರಿಳಿಸಿಕೊಂಡು ಬಂದ ನಮ್ಮನ್ನು ಕಂಡು ಅವರಿಗೇ ಆಶ್ಚರ್ಯವಾಗಿತ್ತು. ನಾನು ನೇರವಾಗಿ ಕೇಳಿಬಿಟ್ಟೆ: "ಪುಟ್ಟಮ್ಮ, ಬುಧವಾರ ನೀರು ತಿಳಿಯಾಗಿರುತ್ತೆ ಅಂತ ನಮಗ್ಯಾಕೆ ಹೇಳ್ಲಿಲ್ಲ?"

"ಹೇಳೋದೇನವ್ವ? ಅಂಗೈ ಹುಣ್ಣಿಗೆ ಕನ್ನಡಿ ಬೇಕಾ? ಕಾರ್ಖಾನೆ ಬಾಗ್ಲು ಹಾಕಿದ್ ದಿನಾನೇ ನೋಡ್ಕೊಂಡು ಬತ್ತಾ ಇದ್ರಿ. ಸಾವ್ಕಾರ್ ಜೊತೆ ಮಾತಾಡ್ಕೊಂಡೇ ಬತ್ತಾವ್ರೆ, ಇವ್ರೂ ಅವ್ರ ಕಡೆಯೋರೇ ಅಂದ್ಕೊಂಡ್ವಿ."

ನನ್ನ ಕಣ್ಣಲ್ಲಿ ಥಟ್ಟನೆ ನೀರು ಬಂತು. ಕಳ್ಳಿ ಅನ್ನಿಸಿಕೊಂಡಿದ್ದೆ, ಅದೂ ವಾರಗಟ್ಟಲೆ, ನನಗೇ ಗೊತ್ತಿಲ್ಲದೆ. "ಇಲ್ಲಮ್ಮ, ನಮಗೆ ಜೀಪು ಕೊಡೋದೇ ಬುಧವಾರ!" ಎಂದು ಕೂಗಿಯೇ ಹೇಳಿದೆ.

ಪುಟ್ಟಮ್ಮ ಒಂದು ಗಳಿಗೆ ನನ್ನನ್ನು ನೋಡಿದರು. ಆಮೇಲೆ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಗತೊಡಗಿದರು. "ಅಯ್ ನಿಮ್ಮ! ಇಷ್ಟು ಓದಿರೋರು ಜೀಪು ಹೇಳ್ದಂಗೆ ಕೇಳ್ತೀರಾ?" ಅಂದರು. ಬೋರೇಗೌಡರು ನನಗಿಂತ ಮೊದಲು ನಕ್ಕರು. ಆಮೇಲೆ ನಾನೂ ನಕ್ಕೆ, ಅಳುತ್ತಲೇ.

ಬೇರೆ ದಿನಗಳಿಗೆ ಜೀಪು ಕೇಳಿದರೆ ಅನಂತರಾಮಯ್ಯನವರು ಹಂಚಿಕೆಯ ಪಟ್ಟಿ ತೋರಿಸಿದರು. ಸರಿ, ಬಸ್ಸೇ ಗತಿ. ತಗಡಿನ ಪೆಟ್ಟಿಗೆಗೆ ಐಸು ತುಂಬಿ, ಅದರಲ್ಲಿ ಸೀಸೆಗಳನ್ನಿಟ್ಟು, ಬುಧವಾರ ಬಿಟ್ಟು ಮಿಕ್ಕೆಲ್ಲ ದಿನ ಬಸ್ಸಿನಲ್ಲೇ ಓಡಾಡಿದೆವು. ವಿಜಯನಗರದ ಹತ್ತಿರ ಒಬ್ಬ ಕಂಡಕ್ಟರು ಪೆಟ್ಟಿಗೆಗೆ ಕಾಲು ತಾಗಿಸಿ ಕೇಳಿದ: "ಏನ್ ಮೇಡಂ, ಮೀನಾ?"

"ಅಲ್ಲಪ್ಪ, ನೀರು."

"ನೀರಿಗ್ಯಾಕೆ ಐಸು?"

"ಕೆಡಬಾರದು ಅಂತ."

"ಅದಾಗ್ಲೇ ಕೆಟ್ಟು ನಾರ್ತಾ ಇದ್ಯಲ್ಲ ಮೇಡಂ!" ಅಂದ. ಇಡೀ ಬಸ್ಸು ಗೊಳ್ಳೆಂದಿತು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಮಾತ್ರ ಎದ್ದು ಬೇರೆ ಸೀಟಿಗೆ ಹೋದರು.

ಬಸ್ಸಿನಲ್ಲಿ ಬಂದ ನೀರಿನಲ್ಲಿ ಆಮ್ಲಜನಕ ಹೆಚ್ಚುಕಡಿಮೆ ಇರಲೇ ಇಲ್ಲ. ಒರತೆಯ ನೀರೂ ಕ್ಷಾರದಿಂದ ಕೈಗೆ ಸೋಪಿನಂತೆ ಜಾರುತ್ತಿತ್ತು. ನಾನು ಬಚ್ಚಲುಮನೆಯ ಬಾಗಿಲಿಗೆ ಹೋಗಿ, "ನಿಮ್ಮ ಹುಳ ಗೆದ್ದಿತು ಕಣ್ರೀ" ಅಂದೆ. ಬೋರೇಗೌಡರು ಬಕೆಟ್ಟಿನ ಕಡೆ ತಿರುಗಿ, "ಕೇಳಿಸ್ತೇನ್ರಪ್ಪ? ಮೇಡಂ ಒಪ್ಕೊಂಡ್ರು" ಅಂದರು.

ಮೇಲಿನ ಕಚೇರಿಯಲ್ಲಿ ಸಭೆ. ದೊಡ್ಡ ಸಾಹೇಬರು ನಮ್ಮ ಕಾಗದಗಳನ್ನು ಹಿಂದೆ ಮುಂದೆ ತಿರುಗಿಸಿ ಹುಬ್ಬು ಗಂಟಿಕ್ಕಿದರು. "ಏನ್ರೀ ಇದು? ತಿಂಗಳುಗಟ್ಟಲೆ ನೀರು ಪರವಾಗಿಲ್ಲ ಅಂತೀರಿ, ಈಗ ಕೆಟ್ಟಿದೆ ಅಂತೀರಿ. ಯಾವುದನ್ನ ನಂಬಲಿ? ಹಳೇದು ಜಾಸ್ತಿ ಇದೆ, ಅದನ್ನೇ ಇಟ್ಕೊಂಡು ಅರ್ಜಿ ಮುಗಿಸಿಬಿಡೋಣ."

ಪುಟ್ಟಮ್ಮನ ಮಗಳಿಗೆ ಆಗ ಏಳು ತಿಂಗಳು ತುಂಬಿತ್ತು. ನಾನು ಏಳಬೇಕೆನ್ನುವಷ್ಟರಲ್ಲಿ ಪಕ್ಕದ ಕುರ್ಚಿ ಕಿರ್ರೆಂದಿತು. ಎದ್ದವರು ಅನಂತರಾಮಯ್ಯನವರು. ಕಿವಿ ಕೆಂಪಗಾಗಿತ್ತು. ಬೈಗುಳ ನಮಗೋ ಸಾಹೇಬರಿಗೋ ತಿಳಿಯಲಿಲ್ಲ.

"ಎರಡನ್ನೂ ನಂಬಿ ಸಾರ್," ಅಂದರು. "ಬುಧವಾರ ನೀರು ಪರವಾಗಿಲ್ಲ. ಮಿಕ್ಕ ದಿನ ಕೊಚ್ಚೆ. ಬುಧವಾರ ಆ ಕಾರ್ಖಾನೆ ಮುಚ್ಚಿರುತ್ತೆ. ನಮ್ಮೋರು ಇಷ್ಟು ತಿಂಗಳು ತಪ್ಪದೆ ಬುಧವಾರವೇ ಹೋಗಿರೋದ್ರಿಂದ ಇದು ರುಜುವಾತಾಯ್ತು. ಇದಕ್ಕಿಂತ ಒಳ್ಳೆ ಸಾಕ್ಷಿ ಕೋರ್ಟಲ್ಲೂ ಸಿಗಲ್ಲ. ರಸಾಯನ, ಹುಳ, ಜನ, ಮೂರೂ ಒಂದೇ ಮಾತು ಹೇಳ್ತಾ ಇವೆ. ಈ ಸಲ ನಾನು ಹೊಲಿದಿಲ್ಲ ಸಾರ್, ಅವರೇ ಕೂತು ಒಟ್ಟಿಗೆ ಬರೆದಿದಾರೆ."

ನಾವು ಮೂವರೂ ಬಾಯಿ ಬಿಟ್ಟುಕೊಂಡು ಅವರನ್ನೇ ನೋಡಿದೆವು. ನಮ್ಮ ಎಡವಟ್ಟನ್ನು ಅವರು ಸಾಕ್ಷಿ ಮಾಡಿ ನಿಲ್ಲಿಸಿದ್ದರು! ಸಾಹೇಬರು ಸಹಿ ಹಾಕಿದರು. ಹೊರಗೆ ಬಂದ ಮೇಲೆ ಕಾಲಿಗೆ ಬಿದ್ದುಬಿಡೋಣ ಎನ್ನಿಸುವಷ್ಟು ಸಂತೋಷ ನನಗೆ. ಅವರು ಮಾತ್ರ, "ಇನ್ನು ಮೇಲೆ ಯಾವ ವಾರ ಏನು ರಜ ಅಂತ ಮೊದಲು ವಿಚಾರಿಸ್ಕೊಳ್ರೀ, ಮಾನ ಹೋಗುತ್ತೆ" ಎಂದು ಗದರಿ ಸ್ಕೂಟರು ಹತ್ತಿದರು. ಆ ಕಾರ್ಖಾನೆ ನೀರು ಸೋಸುವ ತೊಟ್ಟಿ ಕಟ್ಟಿದ್ದು ಎಷ್ಟೋ ವರ್ಷಗಳ ನಂತರ. ಅದೊಂದು ಬೇರೆಯೇ ಪುರಾಣ, ಅದರಲ್ಲಿ ನಾವು ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು.

ಬೋರಿಂಗು ಮಾತ್ರ ಬೇಗ ಬಂತು. ಹಳ್ಳದಿಂದ ದೂರ, ಊರ ದಿಣ್ಣೆಯ ಮೇಲೆ ಕೊರೆದರು. ಕಲ್ಲು ಬಂತು, ಪುಡಿ ಬಂತು, ಕೊನೆಗೆ ಗಂಗಮ್ಮ ಬಂದಳು. ಕೈಪಂಪಿಗೆ ಅರಿಶಿನ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದರು. ಅದರ ನೀರನ್ನೂ ನಾನು ಪರೀಕ್ಷೆ ಮಾಡಿದೆ. ಹೇಗೆ ಮಾಡಿದೆ ಎಂದು ಕೇಳುವುದೇ ಬೇಡ. ನಮ್ಮ ಮನೆಯವರು "ನೀನು ಆ ಊರಿಗೇ ಹೋಗಿ ಇದ್ದುಬಿಡು" ಎಂದು ರೇಗಿಸುವಷ್ಟು ಓಡಾಡಿದೆ.

ಫಲಿತಾಂಶ ಹೇಳಲು ಹೋದ ದಿನವೇ ಮಾಗಡಿಯಿಂದ ಬೀಗಿತ್ತಿ ಸೊಸೆಯನ್ನು ಕರೆದುಕೊಂಡು ಬಂದಿದ್ದರು. ಬಿಟ್ಟುಹೋಗಲು ಅಂತ ಬಂದವರಲ್ಲ, ನೋಡಿ ಹೋಗಲು ಬಂದವರು. ದಪ್ಪ ಕುಂಕುಮ, ಗಟ್ಟಿ ಹೆಂಗಸು. ಬಟ್ಟೆಯ ಚೀಲವನ್ನು ಇನ್ನೂ ಕಂಕುಳಲ್ಲೇ ಇಟ್ಟುಕೊಂಡು ಕೈಪಂಪಿನ ಹತ್ತಿರ ನಿಂತಿದ್ದರು. ಜಯ ತುಂಬು ಹೊಟ್ಟೆ ಹೊತ್ತುಕೊಂಡು ಒಮ್ಮೆ ಅತ್ತೆಯ ಮುಖ, ಒಮ್ಮೆ ಅಮ್ಮನ ಮುಖ ನೋಡುತ್ತಿದ್ದಳು. ಪುಟ್ಟಮ್ಮ ಪಂಪಿನ ಹಿಡಿ ಒತ್ತಿ ನೀರು ಬರಿಸಿದರು.

ಬೀಗಿತ್ತಿ ಬೊಗಸೆಯಲ್ಲಿ ನೀರು ಹಿಡಿದು ಮೂಸಿದರು, ಮುಕ್ಕಳಿಸಿದರು, ಉಗಿದರು. ಆಮೇಲೆ ನನ್ನ ಕಡೆ ತಿರುಗಿದರು.

"ನೀರ್ ನೋಡೋ ಮೇಡಮ್ಮ ನೀವೇಯಾ?"

"ಹೌದಮ್ಮ."

"ಚೆನ್ನಾಗೈತೆ ಅಂತೀರ?"

"ಚೆನ್ನಾಗಿದೆ ಅಮ್ಮ. ಕುಡೀಬಹುದು, ಮಗೂಗೆ ಹಾಕಬಹುದು."

ಅವರು ಕಣ್ಣು ಕಿರಿದು ಮಾಡಿದರು. ಊರಿನವರು ಎಲ್ಲವನ್ನೂ ಹೇಳಿದ್ದರು ಎಂದು ಆಗ ಗೊತ್ತಾಯಿತು. "ಯಾವ ವಾರ ನೋಡಿದ್ರಿ?"

"ಏಳು ವಾರಾನೂ ನೋಡಿದೀನಿ ತಾಯಿ. ಸೋಮವಾರದಿಂದ ಭಾನುವಾರದ ತನಕ, ಒಂದೂ ಬಿಟ್ಟಿಲ್ಲ."

"ಹಂಗಾರೆ ಸರಿ" ಎಂದು ಬೀಗಿತ್ತಿ ಕಂಕುಳಲ್ಲಿದ್ದ ಚೀಲವನ್ನು ತೆಗೆದು ಪುಟ್ಟಮ್ಮನ ಕೈಗೆ ಕೊಟ್ಟರು. ಪುಟ್ಟಮ್ಮ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಮಗಳ ಕೈ ಹಿಡಿದು ಹೊಸಿಲು ದಾಟಿಸಿಕೊಂಡು ಒಳಗೆ ಹೋಗಿ, "ಕೂತ್ಕೊ ಮಗ, ನೀರ್ ಕಾಯಿಸ್ತೀನಿ" ಅಂದರು.